ಹೊಲಿಯಬೇಕೋ, ಹೊಟ್ಟೆಯ ಮೇಲೆ ತರಬೇಕೋ: ಗಾಯಗೊಂಡ ದೊಡ್ಡ ಕರುಳಿನ ಲೆಕ್ಕಾಚಾರ

ದೀಪಾವಳಿ ಪಾಡ್ಯ ಕಳೆಯಿತೆಂದರೆ ಹಾವೇರಿ ಸೀಮೆಯಲ್ಲಿ ಹೋರಿ ಹಬ್ಬದ ಕಾಲ. ಬ್ಯಾಡಗಿ, ಹಾನಗಲ್, ಹಿರೇಕೆರೂರು, ರಟ್ಟೀಹಳ್ಳಿ ಸುತ್ತಿನ ಊರುಗಳಲ್ಲಿ ಕೊಬ್ಬರಿ ಸರ ಕಟ್ಟಿದ ಹೋರಿ ಅಖಾಡದಲ್ಲಿ ಓಡುತ್ತದೆ. ಆ ಕೊಬ್ಬರಿ ಹರಿಯಲು ಹುಡುಗರು ಅದರ ಮೈಮೇಲೆ ಬೀಳುತ್ತಾರೆ. ಅದೇ ತಿಂಗಳುಗಳಲ್ಲಿ ಕಬ್ಬು, ಗೋವಿನಜೋಳ ತುಂಬಿದ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಹೆದ್ದಾರಿಗೆ ಇಳಿಯುತ್ತವೆ. ಹೊಟ್ಟೆಗೆ ಪೆಟ್ಟು ಬಿದ್ದವರಲ್ಲಿ ಕೆಲವರಿಗೆ ದೊಡ್ಡ ಕರುಳು ಹರಿದಿರುತ್ತದೆ. ಆಪರೇಷನ್ ಮುಗಿಸಿ ಹೊರಬಂದ ಡಾಕ್ಟರ ಮುಂದೆ ಮನೆಯವರು ಇಡುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಹೊಟ್ಟಿ ಮ್ಯಾಲ ಚೀಲ ಯಾಕ ಇಟ್ರಿ ಸರ? ಅಲ್ಲೇ ಹೊಲೀಲಿಕ್ಕೆ ಬರ್ತಿದ್ದಿಲ್ಲೇನು?"

ಹರಿದ ಕರುಳನ್ನು ಹೊಟ್ಟೆಯ ಮೇಲೆ ತಂದು ದಾರಿ ಮಾಡಿದಾಗ, ಮಲ ಹಿಡಿಯಲು ಅಲ್ಲಿ ಅಂಟಿಸುವ ಚೀಲ ಅದು. ಪ್ರಶ್ನೆ ನ್ಯಾಯವಾದದ್ದೇ. ಶಸ್ತ್ರಚಿಕಿತ್ಸಕರೇ ಇದರ ಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ವಾದ ಮಾಡಿದ್ದಾರೆ. ಈಗ ವಾದ ಬಹುಮಟ್ಟಿಗೆ ಇತ್ಯರ್ಥವಾಗಿದೆ: ಹೆಚ್ಚಿನ ಗಾಯಗಳನ್ನು ಅಲ್ಲೇ, ಆಗಲೇ ಹೊಲಿಯಬಹುದು. ಉಳಿದವುಗಳಲ್ಲಿ ಯಾವುದನ್ನು ಹೊಲಿಯಬಾರದು ಎಂದು ಹೇಳುವುದು ತೂತಿನ ಅಳತೆಯೊಂದೇ ಅಲ್ಲ. ಹೊಲಿಯುವ ಗಳಿಗೆಯಲ್ಲಿ ಮೈ ಯಾವ ಸ್ಥಿತಿಯಲ್ಲಿತ್ತು, ಆ ಹೊಲಿಗೆಯನ್ನು ಮುಂದಿನ ಏಳು ದಿನ ಯಾರು ಕಾಯುತ್ತಾರೆ ಎಂಬುದೂ ಅಷ್ಟೇ ಮುಖ್ಯ. ಮೊದಲನೆಯದು ಪಠ್ಯಪುಸ್ತಕದಲ್ಲಿದೆ. ಎರಡನೆಯದು, ಹಾವೇರಿ, ಗದಗಿನಿಂದ ಹುಬ್ಬಳ್ಳಿಗೆ ರೋಗಿಯನ್ನು ಸಾಗಿಸುವ ನಮ್ಮ ರೂಢಿಯಲ್ಲಿ, ತಕ್ಕಷ್ಟು ಲೆಕ್ಕಕ್ಕೆ ಬರುತ್ತಿಲ್ಲ.

ದೊಡ್ಡ ಕರುಳಿಗೇ ಯಾಕಿಷ್ಟು ಅಂಜಿಕೆ

ಸಣ್ಣ ಕರುಳು ತೂತಾದರೆ ಸರ್ಜನ್ ಹೆಚ್ಚು ಯೋಚಿಸದೆ ಹೊಲಿಯುತ್ತಾರೆ. ಅಲ್ಲಿ ರಕ್ತ ಧಾರಾಳ, ಒಳಗಿನ ದ್ರವದಲ್ಲಿ ರೋಗಾಣು ಕಡಿಮೆ. ದೊಡ್ಡ ಕರುಳಿನ ಗುಣ ಬೇರೆ. ಸುಮಾರು ಒಂದೂವರೆ ಮೀಟರ್ ಉದ್ದದ ಈ ಕೊಳವೆಯಲ್ಲಿ ಒಂದು ಗ್ರಾಂ ಮಲಕ್ಕೆ ಹತ್ತಾರು ಸಾವಿರ ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಗೋಡೆ ತೆಳು. ಬಲಭಾಗಕ್ಕೂ ಅಡ್ಡ ಕರುಳಿನ ಹೆಚ್ಚಿನ ಪಾಲಿಗೂ ರಕ್ತ ಮೇಲಿನ ಮೆಸೆಂಟರಿಕ್ ರಕ್ತನಾಳದಿಂದ ಬರುತ್ತದೆ, ಎಡಭಾಗಕ್ಕೆ ಕೆಳಗಿನದರಿಂದ. ಎರಡೂ ಸೇರುವ ಜಾಗ ಗುಲ್ಮದ ಕೆಳಗಿನ ತಿರುವು. ಕಾಲುವೆಯ ಕೊನೆಯ ಹೊಲದ ಹಾಗೆ ಅಲ್ಲಿಗೆ ರಕ್ತ ಮುಟ್ಟುವುದು ಕಡಿಮೆ. ಬಿಪಿ ಇಳಿದಾಗ ಮೊದಲು ಒಣಗುವುದೂ ಆ ಹೊಲವೇ.

ಇನ್ನೊಂದು ತೊಡಕು, ಅದು ಇರುವ ಜಾಗ. ಬಲಗಡೆ ಮೇಲೇರುವ ಏರು ಕರುಳು ಮತ್ತು ಎಡಗಡೆ ಕೆಳಗಿಳಿಯುವ ಇಳಿ ಕರುಳಿನ ಹಿಂಬದಿ ಬೆನ್ನಿನ ಸ್ನಾಯುಗಳಿಗೆ ಅಂಟಿಕೊಂಡಿರುತ್ತದೆ. ಪಕ್ಕೆಗೆ ಅಥವಾ ಬೆನ್ನಿಗೆ ಚೂರಿ ಬಿದ್ದು ಅಲ್ಲಿ ತೂತಾದರೆ ಮಲ ಹೊಟ್ಟೆಯ ಒಳಗೆ ಸೋರದೆ ಹಿಂದೆ ಸೋರುತ್ತದೆ. ಮುಟ್ಟಿದರೆ ಹೊಟ್ಟೆ ಮೆತ್ತಗೇ ಇರುತ್ತದೆ. ಎರಡು ದಿನ ಬಿಟ್ಟು ಜ್ವರ, ಸೊಂಟದ ಮೇಲೆ ಬಾವು ಬಂದಾಗಲೇ ಗುಟ್ಟು ರಟ್ಟಾಗುವುದು. ಪಕ್ಕೆಯ ಇರಿತಕ್ಕೆ ಬಾಯಿ, ನರ, ಗುದದ್ವಾರ ಮೂರರಿಂದಲೂ ಚಿತ್ರದಲ್ಲಿ ಎದ್ದು ಕಾಣುವ ಔಷಧಿ ಕೊಟ್ಟು ಸಿ.ಟಿ. ಸ್ಕ್ಯಾನ್ ಮಾಡುವುದು ಇದಕ್ಕಾಗಿ.

ಕೊಂಬು, ಹ್ಯಾಂಡಲ್, ಗಾಳಿಯ ಪೈಪು

ಗುಂಡೇಟಿನ ಅನುಭವದ ಮೇಲೆ ಬರೆದ ವಿದೇಶಿ ಪುಸ್ತಕಗಳು ನಮ್ಮ ಕಡೆಯ ಗಾಯಗಳಿಗೆ ಅರ್ಧ ಮಾತ್ರ ಹೊಂದುತ್ತವೆ.

ಹೋರಿ ತಿವಿಯುವ ರೀತಿಯನ್ನೇ ತೆಗೆದುಕೊಳ್ಳಿ. ಅದು ತಲೆ ತಗ್ಗಿಸಿ, ಕೆಳಗಿನಿಂದ ಮೇಲಕ್ಕೆ ಎತ್ತಿ ಒಗೆಯುತ್ತದೆ. ಹಾಗಾಗಿ ಕೊಂಬು ಹೊಗುವುದು ತೊಡೆಸಂದಿ, ಕೆಳಹೊಟ್ಟೆ, ಕುಳಿತುಕೊಳ್ಳುವ ಭಾಗದಲ್ಲಿ. ಕೊಂಬು ಒಳಗಿರುವಾಗಲೇ ಹೋರಿ ತಲೆ ಕೊಡವುತ್ತದೆ, ಮನುಷ್ಯನೂ ತಿರುಗುತ್ತಾನೆ. ಪರಿಣಾಮ, ಚರ್ಮದ ಮೇಲೆ ಎರಡು ಬೆರಳಿನ ಗಾಯ, ಒಳಗೆ ಎರಡು ಮೂರು ದಿಕ್ಕಿಗೆ ಕವಲೊಡೆದ ಸುರಂಗ. ಅದರೊಳಗೆ ಮಣ್ಣು, ಸಗಣಿ, ಬಟ್ಟೆಯ ಚೂರು. ಕೊಂಬಿನ ತುದಿಗೆ ಹಿತ್ತಾಳೆಯ ಅಣಸು ಇದ್ದರೆ ಮತ್ತೂ ಆಳ. ಇಂಥ ಗಾಯವನ್ನು ಹೊರಗಿನಿಂದ ನೋಡಿ ನಾಲ್ಕು ಹೊಲಿಗೆ ಹಾಕಿ ಮನೆಗೆ ಕಳಿಸುವುದಕ್ಕಿಂತ ದೊಡ್ಡ ತಪ್ಪಿಲ್ಲ. ಅರಿವಳಿಕೆ ಕೊಟ್ಟು ಪ್ರತಿ ಕವಲನ್ನೂ ಕೊನೆಯವರೆಗೆ ಬಿಚ್ಚಿ, ಸತ್ತ ಮಾಂಸ ತೆಗೆದು, ತೊಳೆದು, ಚರ್ಮವನ್ನು ತೆರೆದೇ ಬಿಡಬೇಕು. 48 ಗಂಟೆಯೊಳಗೆ ಮತ್ತೊಮ್ಮೆ ಥಿಯೇಟರಿನಲ್ಲಿ ಬಿಚ್ಚಿ ನೋಡಬೇಕು. ಧನುರ್ವಾಯು ಚುಚ್ಚುಮದ್ದು ತಪ್ಪಿಸುವಂತಿಲ್ಲ. ಹಿಂದೆ ಸರಿಯಾಗಿ ಹಾಕಿಸಿಕೊಂಡಿರದವರಿಗೆ ಲಸಿಕೆಯ ಜೊತೆ ಇಮ್ಯುನೋಗ್ಲಾಬ್ಯುಲಿನ್ ಸಹ ಬೇಕು. ಗುದದ ಸುತ್ತ ತಿವಿದಿದ್ದರೆ ಬೆರಳು ಹಾಕಿ ಪರೀಕ್ಷೆ ಮಾಡಿ, ಗ್ಲೌಸಿಗೆ ರಕ್ತ ಹತ್ತುತ್ತದೆಯೇ ನೋಡಬೇಕು. ಸಂಕೋಚಕ್ಕೆ ಈ ಒಂದು ನಿಮಿಷದ ಪರೀಕ್ಷೆ ಬಿಟ್ಟು ಗುದನಾಳ ಹರಿದದ್ದು ಕಣ್ತಪ್ಪಿಹೋಗುವುದುಂಟು.

ಬೈಕಿನ ಹ್ಯಾಂಡಲ್, ಕಾರಿನ ಸ್ಟೀರಿಂಗ್, ಸೀಟ್ ಬೆಲ್ಟ್‌ಗಳದು ಇನ್ನೊಂದು ಬಗೆ. ತೂತಿಲ್ಲದ ಪೆಟ್ಟಿನಲ್ಲಿ ದೊಡ್ಡ ಕರುಳು ಹರಿಯುವುದು ಅಪರೂಪ. ಅಪರೂಪವಾದ್ದರಿಂದಲೇ ಕಣ್ಣು ತಪ್ಪುತ್ತದೆ. ಬೆನ್ನುಮೂಳೆಗೂ ಹ್ಯಾಂಡಲಿಗೂ ನಡುವೆ ಸಿಕ್ಕ ಕರುಳು ಜಜ್ಜಿಹೋಗಬಹುದು, ಎರಡೂ ಬಾಯಿ ಮುಚ್ಚಿದ ಸುರುಳಿ ಒಳಗಾಳಿಯ ಒತ್ತಡಕ್ಕೆ ಒಡೆಯಬಹುದು. ಎಲ್ಲಕ್ಕಿಂತ ಮೋಸದ್ದು ಎಂದರೆ ಕರುಳು ಪೂರ್ತಿ ಇದ್ದು, ಅದಕ್ಕೆ ರಕ್ತ ತರುವ ಪೊರೆ ಮಾತ್ರ ಬಕೆಟ್ಟಿನ ಹಿಡಿಕೆಯ ಹಾಗೆ ಕಿತ್ತುಬರುವುದು. ಮೊದಲ ದಿನ ಕರುಳು ಬದುಕಿಯೇ ಇರುತ್ತದೆ. ಸ್ಕ್ಯಾನ್ ರಿಪೋರ್ಟಿನಲ್ಲಿ ಸ್ವಲ್ಪ ನೀರು ಬಿಟ್ಟರೆ ಏನೂ ಇಲ್ಲ. ಮೂರು ನಾಲ್ಕನೇ ದಿನ ರಕ್ತವಿಲ್ಲದ ತುಂಡು ಕೊಳೆತು ತೂತು ಬೀಳುತ್ತದೆ. ಯಕೃತ್ತು, ಗುಲ್ಮಕ್ಕೆ ಏನೂ ಆಗಿಲ್ಲ, ಆದರೂ ಹೊಟ್ಟೆಯಲ್ಲಿ ದ್ರವ ಇದೆ ಎಂದರೆ ಅದು ಎಲ್ಲಿಂದ ಬಂತು ಎಂದು ಕೇಳಲೇಬೇಕು. ಸ್ಕ್ಯಾನ್ ಸರಿ ಇದೆ ಎಂಬುದಕ್ಕಿಂತ, ಒಬ್ಬರೇ ಡಾಕ್ಟರು ನಾಲ್ಕು ನಾಲ್ಕು ಗಂಟೆಗೊಮ್ಮೆ ಅದೇ ಹೊಟ್ಟೆಯ ಮೇಲೆ ಕೈಯಿಟ್ಟು 24 ಗಂಟೆ ನೋಡುವುದು ಹೆಚ್ಚು ಭರವಸೆಯ ಪರೀಕ್ಷೆ.

ಮೂರನೆಯದನ್ನು ಹೇಳದೆ ಬಿಡುವಂತಿಲ್ಲ. ಗ್ಯಾರೇಜು, ಕಾರ್ಖಾನೆಗಳಲ್ಲಿ ಹುಡುಗಾಟಕ್ಕೆ ಕಂಪ್ರೆಸರ್ ಪೈಪನ್ನು ಒಬ್ಬರ ಹಿಂಬದಿಗೆ ಹಿಡಿಯುವ ಚೇಷ್ಟೆ ಭಾರತದ ಹಲವು ಕಡೆ ಜೀವ ತೆಗೆದಿದೆ. ಕಾರಿನ ಟೈರಿಗೆ ಬೇಕಾದ ಗಾಳಿ 30ರಿಂದ 35 ಪಿಎಸ್‌ಐ. ದೊಡ್ಡ ಕರುಳು ಹರಿಯಲು ಸುಮಾರು 4 ಪಿಎಸ್‌ಐ ಸಾಕು. ಕಂಪ್ರೆಸರ್ ಉಗುಳುವುದು 100ಕ್ಕೂ ಮೇಲೆ. ಗಾಳಿಗೆ ಬಟ್ಟೆ ಅಡ್ಡಿಯಲ್ಲ, ಪೈಪು ಮೈಗೆ ತಾಗಬೇಕೆಂದೂ ಇಲ್ಲ. ಒಂದೆರಡು ಸೆಕೆಂಡಿನ ಕೆಲಸ. ಇಲ್ಲಿ ಒಂದೇ ತೂತಿರುವುದಿಲ್ಲ, ಮೇಲಿನ ಪದರ ಉದ್ದುದ್ದ ಸೀಳಿರುತ್ತದೆ. ಹಾಗಾಗಿ ಗುದನಾಳದಿಂದ ಬಲಮೂಲೆಯವರೆಗೂ ಇಡೀ ಕರುಳನ್ನು ನೋಡಬೇಕು. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದಂಥ ಕೈಗಾರಿಕೆ ಜಾಗಗಳ ಪ್ರತಿ ಕಂಪ್ರೆಸರಿನ ಮೇಲೂ 4 ಮತ್ತು 100 ಎಂಬ ಈ ಎರಡು ಸಂಖ್ಯೆಗಳನ್ನು ಬಣ್ಣದಲ್ಲಿ ಬರೆಸಿದರೆ ಖರ್ಚೇನೂ ಹೆಚ್ಚಲ್ಲ.

ಯುದ್ಧಭೂಮಿಯ ಆದೇಶ

ಮೊದಲ ಮಹಾಯುದ್ಧದಲ್ಲಿ ದೊಡ್ಡ ಕರುಳಿಗೆ ಗುಂಡು ಬಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಎರಡನೆಯ ಯುದ್ಧದ ಹೊತ್ತಿಗೆ, 1943ರಲ್ಲಿ, ಬ್ರಿಟಿಷ್ ಸೇನೆಯ ಸರ್ಜನ್ ಹೆನೆಜ್ ಓಗಿಲ್ವಿ ಉತ್ತರ ಆಫ್ರಿಕದ ಅನುಭವದ ಮೇಲೆ ಒಂದು ನಿಯಮ ಹೇಳಿದರು: ಗಾಯಗೊಂಡ ದೊಡ್ಡ ಕರುಳನ್ನು ಒಳಗೆ ಹೊಲಿದು ಬಿಡಬೇಡಿ, ಹೊರಗೆ ತಂದು ಹೊಟ್ಟೆಯ ಮೇಲೆ ದಾರಿ ಮಾಡಿ. ಅದೇ ವರ್ಷ ಅಮೆರಿಕದ ಸೇನೆ ಅದನ್ನೇ ಆದೇಶವಾಗಿ ಹೊರಡಿಸಿತು. ಸಾವು ಕಡಿಮೆಯಾಯಿತು. ರಕ್ತ ಕೊಡುವುದು, ಬೇಗ ಸಾಗಿಸುವುದು, ಸಲ್ಫಾ ಔಷಧಿಗಳು, ಆಮೇಲೆ ಬಂದ ಪೆನಿಸಿಲಿನ್ ಇವೂ ಅದೇ ಕಾಲಕ್ಕೆ ಸುಧಾರಿಸಿದ್ದವು. ಆದರೂ ಯಶಸ್ಸಿನ ದೊಡ್ಡ ಪಾಲು ಕೊಲಾಸ್ಟಮಿಯ, ಅಂದರೆ ಹೊಟ್ಟೆಯ ಮೇಲಿನ ಆ ದಾರಿಯ, ಹೆಸರಿಗೆ ಬರೆದುಹೋಯಿತು. ಯುದ್ಧ ಮುಗಿದು ಮನೆಗೆ ಮರಳಿದ ಸರ್ಜನ್‌ಗಳು ನಿಯಮವನ್ನೂ ಹೊತ್ತುತಂದು ನಾಗರಿಕ ಆಸ್ಪತ್ರೆಗಳಲ್ಲಿ ನೆಟ್ಟರು.

ಆ ಆದೇಶದ ಹಿಂದಿನ ತರ್ಕ ಮಾತ್ರ ಗಟ್ಟಿಯಾದದ್ದು. ಗಾಯಾಳು ಹಲವು ಗಂಟೆ ತಡವಾಗಿ ಬರುತ್ತಿದ್ದ. ಆಪರೇಷನ್ ಆದ ಮೇಲೆ ಅವನನ್ನು ಲಾರಿಗೋ ಹಡಗಿಗೋ ಹಾಕಿ ಬೇರೆ ಆಸ್ಪತ್ರೆಗೆ ಕಳಿಸುತ್ತಿದ್ದರು. ಐದನೇ ದಿನ ಹೊಲಿಗೆ ಸೋರಿದರೆ ಅದನ್ನು ಹಾಕಿದವನು ನೂರಾರು ಮೈಲಿ ದೂರ.

1979ರಲ್ಲಿ ಹಾರ್ಲನ್ ಸ್ಟೋನ್ ಮತ್ತು ತಿಮೊತಿ ಫೇಬಿಯನ್ ಮೊದಲ ಬಾರಿಗೆ ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಹಂಚಿ ಎರಡೂ ಪದ್ಧತಿಗಳನ್ನು ಹೋಲಿಸಿದರು. ಆಘಾತದಲ್ಲಿದ್ದವರು (ಬಿಪಿ ಬಿದ್ದು ಶಾಕ್‌ಗೆ ಹೋದವರು), ಒಂದು ಲೀಟರಿಗಿಂತ ಹೆಚ್ಚು ರಕ್ತ ಕಳೆದುಕೊಂಡವರು, ಎರಡಕ್ಕಿಂತ ಹೆಚ್ಚು ಬೇರೆ ಅಂಗಗಳಿಗೆ ಗಾಯವಾದವರು, ಎಂಟು ಗಂಟೆ ದಾಟಿ ಬಂದವರು, ಹೊಟ್ಟೆಯೆಲ್ಲ ಮಲ ಹರಡಿದವರು, ಇವರನ್ನೆಲ್ಲ ಮೊದಲೇ ಹೊರಗಿಟ್ಟಿದ್ದರು. ಉಳಿದವರಲ್ಲಿ ನೇರ ಹೊಲಿಗೆಯೇ ಮೇಲಾಯಿತು: ಸೋಂಕು ಕಡಿಮೆ, ಆಸ್ಪತ್ರೆ ವಾಸ ಕಡಿಮೆ. ಆಮೇಲಿನ ಪ್ರಯೋಗಗಳು ಆ ಹೊರಗಿಟ್ಟವರನ್ನೂ ಒಬ್ಬೊಬ್ಬರಾಗಿ ಒಳಗೆ ಕರೆದುಕೊಂಡವು. ಆರು ಪ್ರಯೋಗಗಳ ಸುಮಾರು 700 ರೋಗಿಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಪರಿಶೀಲನೆಯಲ್ಲಿ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಟ್ಟು ತೊಂದರೆಗಳು ನೇರ ಹೊಲಿಗೆಯವರಲ್ಲೇ ಕಡಿಮೆ ಇದ್ದವು.

ಹೊಲಿಯಲಾಗದಷ್ಟು ಹರಿದದ್ದನ್ನು ಕತ್ತರಿಸಿ ತೆಗೆದ ಮೇಲೆ ಏನು ಮಾಡಬೇಕು? ಇದಕ್ಕೆ 2001ರಲ್ಲಿ ಡಿಮೆಟ್ರಿಯಾಡಿಸ್ ಮತ್ತು ಜೊತೆಗಾರರು ಹಲವು ಆಸ್ಪತ್ರೆಗಳ 297 ರೋಗಿಗಳನ್ನು ಹಿಂಬಾಲಿಸಿ ಉತ್ತರ ಹುಡುಕಿದರು. ತುದಿಗಳನ್ನು ಕೂಡಲೇ ಜೋಡಿಸಿದ 197 ಮಂದಿಯಲ್ಲಿ ಸೋರಿಕೆ 6.6%. ಕರುಳಿನ ತೊಂದರೆಯಿಂದಲೇ ಸತ್ತ ನಾಲ್ವರೂ ಹೊಟ್ಟೆಯ ಮೇಲೆ ದಾರಿ ಮಾಡಿದ ಗುಂಪಿನವರು. ತೊಂದರೆ ಹೆಚ್ಚಿಸಿದವು ಮೂರು: ಮಲ ವಿಪರೀತ ಹರಡಿರುವುದು, ಮೊದಲ 24 ಗಂಟೆಯಲ್ಲಿ ನಾಲ್ಕು ಅಥವಾ ಹೆಚ್ಚು ಬಾಟಲಿ ರಕ್ತ ಬೇಕಾದದ್ದು, ಒಂದೇ ಬಗೆಯ ಆ್ಯಂಟಿಬಯೋಟಿಕ್ ಕೊಟ್ಟದ್ದು. ಚೀಲ ಇಟ್ಟರೂ ಇಡದಿದ್ದರೂ ಈ ಮೂರು ತಮ್ಮ ಕೆಲಸ ಮಾಡಿದವು.

ಇಷ್ಟು ಓದಿ ಎಲ್ಲವನ್ನೂ ಜೋಡಿಸಿಬಿಡೋಣ ಎನ್ನುವವರು ಅಮೆರಿಕದ ಮೆಂಫಿಸ್ ನಗರದ 1994ರ ವರದಿಯನ್ನೂ ಓದಬೇಕು. ಆರು ಬಾಟಲಿಗಿಂತ ಹೆಚ್ಚು ರಕ್ತ ಕೊಡಬೇಕಾಗಿ ಬಂದವರು ಅಥವಾ ಮೊದಲೇ ದೊಡ್ಡ ಕಾಯಿಲೆ ಇದ್ದವರಲ್ಲಿ ಜೋಡಣೆ ಸೋರಿದ್ದು 42%, ಉಳಿದವರಲ್ಲಿ 3%. ಜೋಡಣೆ ಅದೇ, ಮೈ ಬೇರೆ.

ಟೇಬಲ್ಲಿನ ಮೇಲೆ

ಚರ್ಮ ಕೊಯ್ಯುವ ಮೊದಲೇ ಆ್ಯಂಟಿಬಯೋಟಿಕ್ ಹೋಗಿರಬೇಕು. ಸಾಮಾನ್ಯ ಜೋಡಿ ಸೆಫ್ಟ್ರಿಯಾಕ್ಸೋನ್ 1ರಿಂದ 2 ಗ್ರಾಂ, ಮೆಟ್ರೊನಿಡಜೋಲ್ 500 ಮಿ.ಗ್ರಾಂ. ರಕ್ತ ತುಂಬಾ ಹೋದರೆ ಔಷಧಿಯೂ ಅದರ ಜೊತೆ ಹೋಗುತ್ತದೆ. ಡೋಸ್ ಮತ್ತೆ ಕೊಡಬೇಕು. ಆಪರೇಷನ್ ಆದ ಮೇಲೆ 24 ಗಂಟೆ ಸಾಕು. ವಾರಗಟ್ಟಲೆ ಮುಂದುವರಿಸಿದರೆ ಸೋಂಕು ಕಡಿಮೆಯಾಗುವುದಿಲ್ಲ, ಔಷಧಿಗೆ ಬಗ್ಗದ ರೋಗಾಣು ಬೆಳೆಯುತ್ತವೆ.

ಎದೆಮೂಳೆಯ ಕೆಳಗಿನಿಂದ ಕಿಬ್ಬೊಟ್ಟೆಯವರೆಗೆ ನಡುಗೆರೆಯಲ್ಲಿ ಹೊಟ್ಟೆ ತೆರೆಯುತ್ತಾರೆ. ಕಣ್ಣಿಗೆ ಮೊದಲು ಮಲ ಬಿದ್ದರೂ ಕೈ ಮೊದಲು ಹೋಗಬೇಕಾದ್ದು ರಕ್ತಸ್ರಾವದ ಕಡೆಗೆ. ನಾಲ್ಕೂ ಮೂಲೆಗೆ ಪ್ಯಾಡ್ ಒತ್ತಿ, ರಕ್ತ ನಿಲ್ಲಿಸಿ, ಆಮೇಲೆ ತೂತುಗಳಿಗೆ ಕ್ಲ್ಯಾಂಪ್ ಅಥವಾ ಓಡುಹೊಲಿಗೆ ಹಾಕಿ ಸೋರುವಿಕೆ ತಡೆಯುತ್ತಾರೆ. ಅನಂತರ ಕರುಳಿನ ಉದ್ದಕ್ಕೂ ಪರೀಕ್ಷೆ. ಬಲ ಮತ್ತು ಎಡ ಪಕ್ಕೆಯಲ್ಲಿ ಕರುಳು ಗೋಡೆಗೆ ಅಂಟಿದ ಬಿಳಿ ಗೆರೆ ಬಿಡಿಸಿ ಕರುಳಿನ ಹಿಂಬದಿ ನೋಡಬೇಕು. ಅಡ್ಡ ಕರುಳಿನ ಹಿಂಬದಿಗೆ ಜಠರದ ಕೆಳಗಿನ ಪೊರೆ ತೆರೆಯಬೇಕು. ಚೂರಿ, ಕೊಂಬಿನ ಗಾಯದಲ್ಲಿ ಕರುಳಿನ ಪಕ್ಕ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಬಿಚ್ಚಿಯೇ ನೋಡಬೇಕು; ತೂತು ಅಡಗುವುದೇ ಅದರ ಕೆಳಗೆ. ತೂತುಗಳು ಸಾಮಾನ್ಯವಾಗಿ ಜೋಡಿಯಲ್ಲಿರುತ್ತವೆ, ಒಳಗೆ ಹೋದದ್ದು ಹೊರಗೆ ಬರಬೇಕಲ್ಲ. ಲೆಕ್ಕ ಬೆಸವಾದರೆ ಇನ್ನೊಮ್ಮೆ ಹುಡುಕು ಎಂದೇ ಅರ್ಥ.

ಗಾಯ ಸುತ್ತಳತೆಯ ಅರ್ಧಕ್ಕಿಂತ ಕಡಿಮೆ ಇದ್ದು ರಕ್ತ ಓಡಾಡುತ್ತಿದ್ದರೆ ಹೊಲಿಗೆ. ಅಂಚಿನ ಸತ್ತ ಭಾಗವನ್ನು ಕೆಂಪು ರಕ್ತ ಜಿನುಗುವವರೆಗೆ ಕತ್ತರಿಸಬೇಕು. ಪಕ್ಕಪಕ್ಕದ ಎರಡು ತೂತುಗಳಿದ್ದರೆ ನಡುವಿನ ಸೇತುವೆ ಕತ್ತರಿಸಿ ಒಂದೇ ಮಾಡಿಕೊಳ್ಳುವುದು ಲೇಸು. ಮುಚ್ಚುವುದು ಕರುಳಿನ ಉದ್ದಕ್ಕೆ ಅಡ್ಡಲಾಗಿ. ಉದ್ದಕ್ಕೇ ಹೊಲಿದರೆ ಕೊಳವೆ ಕಿರಿದಾಗುತ್ತದೆ. 3-0 ಅಳತೆಯ ಪಾಲಿಡಯಾಕ್ಸನೋನ್ ಅಥವಾ ವಿಕ್ರಿಲ್ ದಾರ, ಅಂಚಿನಿಂದ ನಾಲ್ಕೈದು ಮಿ.ಮೀ. ಒಳಗೆ, ಹೊಲಿಗೆಯಿಂದ ಹೊಲಿಗೆಗೂ ಹೆಚ್ಚುಕಡಿಮೆ ಅಷ್ಟೇ ಅಂತರ. ಬಲ ಇರುವುದು ಗೋಡೆಯ ಒಳಪೊರೆಗೆ ತಾಗಿದ ಸಬ್‌ಮ್ಯೂಕೋಸಾ ಪದರದಲ್ಲಿ. ಸೂಜಿ ಅದನ್ನು ಹಿಡಿಯದೆ ಮೇಲಷ್ಟೇ ಓಡಿದರೆ ಹೊಲಿಗೆ ಕಣ್ಣಿಗೆ ಚೆಂದ, ಅಷ್ಟೇ. ಒಂದೇ ಪದರ ಹಾಕಿದರೂ ಸರಿ, ಎರಡಾದರೂ ಸರಿ. ಗಂಟು ಅಂಚುಗಳನ್ನು ಮುಟ್ಟಿಸಬೇಕೇ ಹೊರತು ಬಿಗಿದು ಕತ್ತು ಹಿಸುಕಬಾರದು. ಹೊಸಬರ ಹೊಲಿಗೆ ಹಾಳಾಗುವುದು ಸಡಿಲಕ್ಕಿಂತ ಬಿಗಿಯಿಂದಲೇ ಹೆಚ್ಚು.

ಅರ್ಧಕ್ಕಿಂತ ಹೆಚ್ಚು ಹರಿದಿದ್ದರೆ, ತುಂಡಾಗಿದ್ದರೆ, ಅಥವಾ ಆ ಭಾಗಕ್ಕೆ ರಕ್ತ ಬರುವ ಪೊರೆ ಕಿತ್ತಿದ್ದರೆ ಆ ತುಂಡನ್ನೇ ತೆಗೆಯಬೇಕು. ಬಲಬದಿಯದಾದರೆ ಸಣ್ಣ ಕರುಳಿನ ತುದಿಯನ್ನು ಅಡ್ಡ ಕರುಳಿಗೆ ಕೂಡಿಸುವುದು. ಇದು ನಂಬಿಕೆಯ ಜೋಡಣೆ. ಎಡಬದಿಯಲ್ಲಿ ದೊಡ್ಡ ಕರುಳಿಗೆ ದೊಡ್ಡ ಕರುಳೇ. ಕೈಹೊಲಿಗೆ, ಸ್ಟೇಪ್ಲರ್ ಎರಡರ ಫಲಿತಾಂಶದಲ್ಲಿ ಹೇಳಿಕೊಳ್ಳುವ ಅಂತರವಿಲ್ಲ. ಕರುಳು ಬಾತು ದಪ್ಪಗಾಗಿದ್ದಾಗ ಪಿನ್ನು ಸರಿಯಾಗಿ ಮಡಚಿಕೊಳ್ಳದ ಕಾರಣ ಕೈಹೊಲಿಗೆಯೇ ವಾಸಿ ಎಂಬುದು ನಮ್ಮ ಅಭಿಪ್ರಾಯ. ತುದಿಗಳು ಎಳೆಯದೆ ಒಂದರ ಪಕ್ಕ ಒಂದು ಮಲಗಬೇಕು, ಕತ್ತರಿಸಿದ ಅಂಚು ರಕ್ತ ಜಿನುಗಿಸಬೇಕು. ಇವೆರಡಿಲ್ಲದಿದ್ದರೆ ದಾರ ಎಂಥದಿದ್ದರೇನು?

ಉಗುರುಬೆಚ್ಚಗಿನ ಸಲೈನಿನಿಂದ ಹೊಟ್ಟೆಯನ್ನು ಲೀಟರುಗಟ್ಟಲೆ ತೊಳೆಯುತ್ತಾರೆ. ತಣ್ಣನೆಯದು ಮೈ ಬಿಸಿಯನ್ನೇ ಕದಿಯುತ್ತದೆ. ಮಾಂಸದ ಪದರ ಹೊಲಿದು, ಮಲ ಹರಡಿದ್ದರೆ ಚರ್ಮ ತೆರೆದಿಡಬೇಕು. ನಾಲ್ಕೈದನೇ ದಿನ ಗಾಯ ಶುದ್ಧವಿದ್ದರೆ ಮುಚ್ಚಬಹುದು. "ಹೊಲಿಗೆ ಬಿಟ್ಟುಹೋಗೇತಿ" ಎಂದು ಮನೆಯವರು ಗಾಬರಿಯಾಗದಂತೆ ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು.

ಮೈ ತಣ್ಣಗಾಗಿ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದು, ರಕ್ತ ಹುಳಿಯಾಗಿ ಅದರ ಪಿಎಚ್ 7.2ಕ್ಕಿಂತ ತಗ್ಗಿ, ಹೊಲಿದ ಕಡೆಯೆಲ್ಲ ರಕ್ತ ಒಸರುತ್ತಿದ್ದರೆ ಹೊಲಿಯಬೇಕೋ ಚೀಲವೋ ಎಂಬ ಚರ್ಚೆಯೇ ಅಪ್ರಸ್ತುತ. ಹರಿದ ತುಂಡನ್ನು ತೆಗೆದು, ಎರಡೂ ತುದಿ ಕಟ್ಟಿ ಒಳಗೇ ಬಿಟ್ಟು, ತೆರೆದ ಹೊಟ್ಟೆಗೆ ಸೀಳಿದ ಸಲೈನ್ ಚೀಲವನ್ನೇ ಹೊದಿಕೆಯಾಗಿ ಹೊಲಿದು ಐಸಿಯುಗೆ ಒಯ್ಯಬೇಕು. ಕೊಲಂಬಿಯದಲ್ಲಿ ಹುಟ್ಟಿದ ಈ ಬೊಗೊಟಾ ಬ್ಯಾಗಿಗೆ ದುಬಾರಿ ಯಂತ್ರ ಬೇಡ. ಮೈ ಬಿಸಿ ಮಾಡಿ, ರಕ್ತ ಕೊಟ್ಟು, 24ರಿಂದ 48 ಗಂಟೆಯಲ್ಲಿ ಮರಳಿ ಥಿಯೇಟರಿಗೆ. ಆಗ ಕರುಳಿನ ಬಾವು ಇಳಿದಿದ್ದರೆ ಜೋಡಣೆ, ಇಲ್ಲದಿದ್ದರೆ ಹೊಟ್ಟೆಯ ಮೇಲೆ ದಾರಿ.

ಹುಬ್ಬಳ್ಳಿಯ ದಾರಿ

ಒಂದು ಲೆಕ್ಕ ಹಾಕೋಣ. ಮುಂಜಾನೆ 11ಕ್ಕೆ ಹೋರಿ ತಿವಿಯಿತು ಎಂದುಕೊಳ್ಳಿ. ಯಾರದೋ ಗಾಡಿ ಹಿಡಿದು ತಾಲೂಕು ಆಸ್ಪತ್ರೆಗೆ 12. ಡ್ರಿಪ್, ಡ್ರೆಸ್ಸಿಂಗ್, ಚೀಟಿ ಬರೆಸಿಕೊಂಡು ಹೊರಡುವಾಗ 1. ಜಿಲ್ಲಾ ಆಸ್ಪತ್ರೆಗೆ 2. ಅಲ್ಲಿ ಸ್ಕ್ಯಾನ್, ರಕ್ತ ಪರೀಕ್ಷೆ, ಸಮಾಲೋಚನೆಗೆ ಎರಡು ಗಂಟೆ. ಹಾವೇರಿಯಿಂದ ಹುಬ್ಬಳ್ಳಿ ಸುಮಾರು 75 ಕಿ.ಮೀ.; ಆಂಬುಲೆನ್ಸ್ ಸಿಕ್ಕು ಮುಟ್ಟುವಾಗ ಸಂಜೆ 6. ಮತ್ತೆ ಮೊದಲಿನಿಂದ ಪರೀಕ್ಷೆ, ರಕ್ತ ಹೊಂದಿಸುವುದು, ಟೇಬಲ್ ಖಾಲಿಯಾಗುವುದು. ಕತ್ತರಿ ಹಾಕುವಾಗ 8 ಹೊಡೆದಿರುತ್ತದೆ. ಯಾರೂ ಸುಮ್ಮನೆ ಕುಳಿತಿರಲಿಲ್ಲ, ಆದರೂ ಒಂಬತ್ತು ಗಂಟೆ. ಸಣ್ಣ ಕರುಳಿನ ಗಾಯಗಳ ಬಗ್ಗೆ 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಎಂಟು ಗಂಟೆಯೊಳಗೆ ಆಪರೇಷನ್ ಆದವರಲ್ಲಿ ಸಾವು 2%, ಎಂಟರಿಂದ ಹದಿನಾರು ಗಂಟೆಯವರಲ್ಲಿ 9%, ಇಡೀ ದಿನ ದಾಟಿದವರಲ್ಲಿ 31%. ಇನ್ನೂ ಕೊಳಕಾದ ದೊಡ್ಡ ಕರುಳು ಇದಕ್ಕಿಂತ ದಯೆ ತೋರಿಸೀತು ಎಂದು ನಂಬಲು ಕಾರಣವಿಲ್ಲ.

ಈಗ ಹಾವೇರಿಯಲ್ಲೂ ಗದಗಿನಲ್ಲೂ ಸರಕಾರಿ ವೈದ್ಯಕೀಯ ಕಾಲೇಜುಗಳಿವೆ. ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆ, ಹಳೆಯ ಕಿಮ್ಸ್, ಈಗಿನ ಕೆಎಂಸಿಆರ್‌ಐ, ಕೊನೆಯ ನಿಲ್ದಾಣವಾಗಿ ಉಳಿದಿದೆ. ಹಾಗಾಗಿ ಕೇಳಬೇಕಾದ್ದು ಎಲ್ಲಿಗೆ ಕಳಿಸಬೇಕು ಎಂಬುದಕ್ಕಿಂತ ಏನು ಮಾಡಿ ಕಳಿಸಬೇಕು ಎಂದು. ರಕ್ತ ಸೋರುತ್ತ ಬಿಪಿ ನಿಲ್ಲದವನನ್ನು ಹೆದ್ದಾರಿಗೆ ಹಾಕುವುದು ತಪ್ಪು. ಅವನಿಗೆ ಹತ್ತಿರದ ಥಿಯೇಟರಿನಲ್ಲೇ ಹೊಟ್ಟೆ ತೆರೆದು, ರಕ್ತ ನಿಲ್ಲಿಸಿ, ತೂತು ಕಟ್ಟಿ, ಹೊಟ್ಟೆಗೆ ಸಲೈನ್ ಚೀಲ ಹೊದಿಸಿ ಕಳಿಸಬಹುದು. ಒಂದು ಗಂಟೆಯ ಕೆಲಸ. ಹಾಗೆ ಮಾಡಿ ಕಳಿಸುವವರು ಅಲ್ಲೇ ಜೋಡಣೆಗೆ ಹೋಗಬಾರದು. 1943ರ ಆದೇಶದ ತರ್ಕ ಇಂದಿಗೂ ಸರಿ ಇರುವುದು ಇಂಥ ಕಡೆ: ಹೊಲಿದವನು ಒಬ್ಬ, ಕಾಯುವವನು ಇನ್ನೊಬ್ಬ ಎಂದಾದಾಗ ಹೊಲಿಗೆ ಅನಾಥ. ಅದೇ ಬಿಪಿ ಸರಿಯಿದ್ದು ಹೊಟ್ಟೆ ಬಿಗಿದವನನ್ನು ಎರಡನೇ ಸ್ಕ್ಯಾನಿಗೆ ಕಾಯಿಸದೆ, ಮೊದಲೇ ಫೋನ್ ಮಾಡಿ, ನೇರ ಕಳಿಸುವುದು ವಾಸಿ.

ಕಳಿಸುವ ಮುನ್ನ ಎರಡು ದಪ್ಪ ಸೂಜಿ, 16 ಗೇಜಿನವು. ಮೊದಲ ಆ್ಯಂಟಿಬಯೋಟಿಕ್ ಡೋಸ್ ಅಲ್ಲೇ. ಗಾಯವಾಗಿ ಮೂರು ಗಂಟೆಯೊಳಗಾದರೆ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಹತ್ತು ನಿಮಿಷದಲ್ಲಿ, ಆಮೇಲೆ ಎಂಟು ಗಂಟೆಯಲ್ಲಿ ಇನ್ನೊಂದು ಗ್ರಾಂ. ಮೂರು ಗಂಟೆ ದಾಟಿದ ಮೇಲೆ ಅದು ಉಪಕಾರಕ್ಕಿಂತ ಅಪಕಾರ. ಬಾಟಲಿ ಮೇಲೆ ಬಾಟಲಿ ಸಲೈನ್ ಹರಿಸಿದರೆ ರಕ್ತ ತೆಳುವಾಗಿ ಹೆಪ್ಪುಗಟ್ಟುವುದಿಲ್ಲ, ಕರುಳೂ ಬಾಯುತ್ತದೆ. ತಲೆಗೆ ಪೆಟ್ಟಿಲ್ಲದಿದ್ದರೆ ಮೇಲಿನ ಬಿಪಿ 80-90 ಇದ್ದರೆ ಆಪರೇಷನ್‌ವರೆಗೆ ಸಾಕು. ಕಾರ್ತಿಕದ ಚಳಿಯಲ್ಲಿ ಒದ್ದೆ ಬಟ್ಟೆ ಬಿಚ್ಚಿ ಕಂಬಳಿ ಹೊದಿಸಬೇಕು. ಚೀಟಿಯಲ್ಲಿ ಗಾಯವಾದ ಗಂಟೆ, ಕೊಟ್ಟ ಔಷಧಿ, ಅದರ ಹೊತ್ತು, ಬಂದ ಮೂತ್ರದ ಅಳತೆ ಇರಲಿ. "ಹೆಚ್ಚಿನ ಚಿಕಿತ್ಸೆಗಾಗಿ" ಎಂಬ ಒಂದೇ ಸಾಲಿನ ಚೀಟಿಯಿಂದ ಹುಬ್ಬಳ್ಳಿಯ ಡ್ಯೂಟಿ ಡಾಕ್ಟರಿಗೆ ತಿಳಿಯುವುದು ಏನೂ ಇಲ್ಲ.

ಅಖಾಡದ ಪಕ್ಕ ನಿಂತವರಿಗೆ ಎರಡೇ ಮಾತು. ಹೊರಬಂದ ಕರುಳನ್ನು ಒಳಗೆ ತುರುಕಬೇಡಿ, ಅರಿಸಿನ ಸುರಿಯಬೇಡಿ. ಶುದ್ಧ ನೀರಿನಲ್ಲಿ ತೋಯಿಸಿದ ಬಟ್ಟೆ ಹೊದಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ, ಮೊಣಕಾಲು ಮಡಚಿಸಿ ಅಂಗಾತ ಮಲಗಿಸಿ. ನೀರು, ಚಹಾ ಕುಡಿಸಬೇಡಿ.

ಏಳು ದಿನ, ಆಮೇಲೆ ಚೀಲ

ಹೊಲಿದ ಕರುಳು ಮೊದಲ ಮೂರು ನಾಲ್ಕು ದಿನ ಬಲಗೊಳ್ಳುವುದಿಲ್ಲ, ಬಲ ಕಳೆದುಕೊಳ್ಳುತ್ತದೆ. ಅಂಚನ್ನು ಹಿಡಿದಿಡುವ ಹಳೆಯ ನಾರು, ಕೊಲಾಜೆನ್, ಕರಗುತ್ತಿರುತ್ತದೆ, ಹೊಸದು ಇನ್ನೂ ಬಂದಿರುವುದಿಲ್ಲ. ಅದಕ್ಕೇ ಸೋರಿಕೆ ಹೆಚ್ಚಾಗಿ ಐದರಿಂದ ಏಳನೇ ದಿನದ ಆಸುಪಾಸು ಕಾಣುವುದು. ಮೊದಲ ಸೂಚನೆ ಹಲವು ಬಾರಿ ಜ್ವರವಲ್ಲ, ನಾಡಿ. ಕಾರಣವಿಲ್ಲದೆ 110, 120 ಓಡುವ ನಾಡಿ, ಉಬ್ಬಿದ ಹೊಟ್ಟೆ, ಊಟ ಬೇಡವೆನ್ನುವುದು. ಮೂರು ನಾಲ್ಕನೇ ದಿನ ಬಾವು, ಸೋಂಕಿದ್ದರೆ ರಕ್ತದಲ್ಲಿ ಏರುವ ಸಿ.ಆರ್.ಪಿ. 150 ದಾಟಿ ಏರುತ್ತಿದ್ದರೆ ಸ್ಕ್ಯಾನ್ ಮಾಡಿಸಬೇಕು. ಸಣ್ಣ ಕೀವಾದರೆ ಸೂಜಿ ಹಾಕಿ ತೆಗೆಯಬಹುದು. ಹೊಟ್ಟೆಯೆಲ್ಲ ಹರಡಿದ್ದರೆ ಮತ್ತೆ ತೆರೆದು ಚೀಲ ಇಡಲೇಬೇಕು. ಆಗ ಇಡುವ ಚೀಲ ಜೀವ ಉಳಿಸುತ್ತದೆ. ಗ್ಯಾಸ್ ಹೋಗುವವರೆಗೆ ಬಾಯಿಗೆ ಹನಿ ನೀರೂ ಕೊಡದ ಹಳೆಯ ಪದ್ಧತಿ ಬೇಕಿಲ್ಲ. ಮೈ ಸ್ಥಿಮಿತದಲ್ಲಿದ್ದರೆ ಮರುದಿನದಿಂದಲೇ ಗಂಜಿ, ಮಜ್ಜಿಗೆ, ಆಮೇಲೆ ಮೊಟ್ಟೆ, ಬೇಳೆ ಕೊಡಬಹುದು. ಗಾಯ ಕೂಡಲು ಕಿಲೋ ತೂಕಕ್ಕೆ ದಿನಕ್ಕೆ ಒಂದೂವರೆ ಗ್ರಾಮಿನಷ್ಟಾದರೂ ಪ್ರೋಟೀನ್ ಬೇಕು, ಅದು ಗಂಜಿಯಿಂದ ಬರುವುದಿಲ್ಲ.

ಗುದನಾಳದ ಕೆಳಭಾಗದ ಕೊಂಬಿನ ಗಾಯ, ಆಘಾತದಲ್ಲಿ ಬಂದವರು, ಮತ್ತೆ ತೆರೆಯಬೇಕಾಗಿ ಬಂದ ಹೊಟ್ಟೆ, ಇವುಗಳಿಗೆ ಚೀಲ ಈಗಲೂ ಸರಿಯಾದ ಉತ್ತರ. ಇಡುವಾಗ ಜಾಗ ನೋಡಿ ಇಡಬೇಕು. ಪುಸ್ತಕದ ಚಿತ್ರಗಳು ಪ್ಯಾಂಟಿನ ಬೆಲ್ಟಿಗೆ ಬರೆದವು. ನಮ್ಮಲ್ಲಿ ಧೋತರದ ಗಂಟು, ಸೀರೆಯ ನಿರಿಗೆ, ಉಡದಾರ ಇವೆ; ನೆಲದ ಮೇಲೆ ಚಕ್ಕಳಮಕ್ಕಳ ಕೂತರೆ, ಹೊಲದಲ್ಲಿ ಕುಕ್ಕರುಗಾಲಲ್ಲಿ ಕಳೆ ತೆಗೆದರೆ ಹೊಟ್ಟೆ ಮಡಚುತ್ತದೆ. ಮಡಿಕೆಯಲ್ಲಿ ಸಿಕ್ಕ ಸ್ಟೋಮಾದ, ಅಂದರೆ ಹೊಟ್ಟೆಯ ಮೇಲೆ ತಂದ ಕರುಳಿನ ಬಾಯಿಯ, ಅಂಟು ಒಂದು ದಿನವೂ ನಿಲ್ಲುವುದಿಲ್ಲ, ಮಲ ಸೋರಿ ಚರ್ಮ ಬೇಯುತ್ತದೆ. ತುರ್ತಿನಲ್ಲಿ ರೋಗಿಯನ್ನು ಕೂರಿಸಿ ಗುರುತು ಮಾಡಲಾಗದಿದ್ದರೂ ಉಡುಗೆ ಕಟ್ಟುವ ಗೆರೆಯಿಂದ, ಮೂಳೆಯಿಂದ, ನಡುಗಾಯದಿಂದ ದೂರ ಆರಿಸುವುದು ಸರ್ಜನ್ ಕೈಯಲ್ಲೇ ಇದೆ. ಚೀಲ ಮೂರನೇ ಒಂದು ತುಂಬಿದಾಗಲೇ ಖಾಲಿ ಮಾಡಬೇಕು. ಅಂಟು ಪಟ್ಟಿ ಮೂರರಿಂದ ಐದು ದಿನಕ್ಕೊಮ್ಮೆ ಬದಲು. ಸಣ್ಣ ಕರುಳಿನ ದಾರಿಯಾಗಿದ್ದು ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಹೋಗುತ್ತಿದ್ದರೆ ಗದಗಿನ ಏಪ್ರಿಲ್ ಬಿಸಿಲಲ್ಲಿ ಕೆಲವೇ ದಿನಕ್ಕೆ ಮೂತ್ರಪಿಂಡ ಸೋಲಬಹುದು. ಬರೀ ನೀರು ಸಾಲದು, ಓಆರ್‌ಎಸ್ ಬೇಕು.

ಹೊಟ್ಟೆಯ ಮೇಲಿನ ದಾರಿ ಮುಚ್ಚುವ ಆಪರೇಷನ್ ಸಾಮಾನ್ಯವಾಗಿ 8ರಿಂದ 12 ವಾರಕ್ಕೆ. ಮೊದಲು ಕೆಳಗಿನ ಕರುಳಿಗೆ ಔಷಧಿ ಬಿಟ್ಟು ಎಕ್ಸರೇ ತೆಗೆದು ಸೋರಿಕೆ, ಇಕ್ಕಟ್ಟು ಇಲ್ಲವೆಂದು ನೋಡಬೇಕು, ರಕ್ತಹೀನತೆ ಸರಿಪಡಿಸಬೇಕು. ಇದು ನಿಜವಾಗಿ ತಪ್ಪುವುದು ವೈದ್ಯಕೀಯ ಕಾರಣಕ್ಕಲ್ಲ. ಸುಗ್ಗಿ ಬಂತು, ಮದುವೆ ಬಂತು, ಜೊತೆಗೆ ಬರುವವರಿಲ್ಲ, ಕಾಗದ ಎಲ್ಲಿದೆಯೋ ಗೊತ್ತಿಲ್ಲ. ಅಷ್ಟರಲ್ಲಿ ಸ್ಟೋಮಾದ ಪಕ್ಕ ಹರ್ನಿಯಾ ಇಳಿದಿರುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಮೊದಲ ಆಪರೇಷನ್ ತುರ್ತಿನದು. ಮುಚ್ಚುವುದು ಯೋಜಿತವಾದ್ದರಿಂದ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರಕಾರಿ ಆಸ್ಪತ್ರೆಯ ರೆಫರಲ್ ಕೇಳುತ್ತಾರೆ. ಆದ್ದರಿಂದ ಮೊದಲ ಡಿಸ್ಚಾರ್ಜ್ ಕಾಗದದ ಮೇಲೆಯೇ ಯಾವ ಕರುಳು, ಎಷ್ಟು ಸೆಂ.ಮೀ. ತೆಗೆದದ್ದು, ಕೆಳಗಿನ ತುದಿ ಎಲ್ಲಿ ಬಿಟ್ಟದ್ದು, ಮುಚ್ಚಲು ಬರಬೇಕಾದ ವಾರ ಯಾವುದು ಎಂದು ಕನ್ನಡದಲ್ಲಿ ಬರೆದು, ಒಂದು ಫೋಟೊ ಮನೆಯವರ ಮೊಬೈಲಿನಲ್ಲಿ ತೆಗೆಸಿಟ್ಟು ಕಳಿಸಬೇಕು.